ಇಮ್ಯಾನುಯೆಲ್ ಊದಿದ ಪ್ಲೇಟು

ಉದ್ಯಾವರದ ದರ್ಜಿ ಲಿಯೋನೆಲ್ ಹನ್ನೊಂದು ವರ್ಷದಿಂದ ಒಂದು ಗ್ರಾಮಫೋನ್ ಪ್ಲೇಟನ್ನು ಹುಡುಕುತ್ತಿದ್ದ. ಮುಂಬಯಿಯ ಹೋಟೆಲೊಂದರ ಜಾಝ್ ಬ್ಯಾಂಡಿನಲ್ಲಿದ್ದ ಅವನ ಅಣ್ಣ ಇಮ್ಯಾನುಯೆಲ್ 1942ರಲ್ಲಿ ಅದರಲ್ಲಿ ಸ್ಯಾಕ್ಸೊಫೋನ್ ಊದಿದ್ದ. ಮರುವರ್ಷ ತೀರಿಕೊಂಡ. ಮೂರು ದಿನದ ಜ್ವರ ಎಂದು ಬ್ಯಾಂಡಿನವರು ಬರೆದಿದ್ದರು. ಹೆಣವನ್ನು ಅಲ್ಲೇ ಮಣ್ಣು ಮಾಡಿದರು.

ಹುಡುಕುತ್ತ ಹುಡುಕುತ್ತ ಲಿಯೋನೆಲನಿಗೆ ಜಾಝಿನ ಹುಚ್ಚೇ ಹಿಡಿಯಿತು. ಹಡಗಿನ ಕೆಲಸದಿಂದ ರಜೆಗೆ ಬಂದ ಕಾಪು, ಹೆಜಮಾಡಿ ಊರಿನವರಿಗೆ ಪ್ಯಾಂಟು ಹೊಲಿದುಕೊಟ್ಟು, ಮಜೂರಿಯ ಬದಲು ಪ್ಲೇಟು ಕೇಳಿ ತೆಗೆದುಕೊಳ್ಳುತ್ತಿದ್ದ. ಮನೆಯಲ್ಲಿ ಅರವತ್ತು ಪ್ಲೇಟುಗಳಾದವು. ಅಣ್ಣನದು ಮಾತ್ರ ಸಿಗಲಿಲ್ಲ.

1961ರಲ್ಲಿ ಕಾರ್ಕಳದಲ್ಲಿ, ಮುಂಬಯಿಯಿಂದ ಬಂದು ನೆಲೆಸಿದ್ದ ಅಧಿಕಾರಿಯೊಬ್ಬರು ತೀರಿಕೊಂಡು ಅವರ ಮನೆಸಾಮಾನು ಏಲಂಗೆ ಬಂತು. ಲಿಯೋನೆಲ್ ಬೆಳಗಿನ ಬಸ್ಸಿಗೇ ಹೋದ. ಕುರ್ಚಿ, ಪಿಂಗಾಣಿಗಳ ನಡುವೆ ಪ್ಲೇಟುಗಳ ಪೆಟ್ಟಿಗೆ. ಒಂದೊಂದೇ ಎತ್ತಿ ನೋಡಿದ. ಏಳನೆಯದರ ಲೇಬಲಿನಲ್ಲಿ ಸಣ್ಣಕ್ಷರದಲ್ಲಿ ಅಣ್ಣನ ಹೆಸರಿತ್ತು. ಮೊದಲ ಅಚ್ಚಿನ ಪ್ಲೇಟು ಅದು. ಮರುಅಚ್ಚುಗಳಲ್ಲಿ ಬ್ಯಾಂಡಿನ ಹೆಸರು ಬಿಟ್ಟರೆ ಬೇರೆ ಹೆಸರು ಇರುವುದಿಲ್ಲ.

ಆ ಪ್ಲೇಟಿನ ಕೂಗು ಎರಡು ರೂಪಾಯಿಯಿಂದ ಶುರುವಾಯಿತು. ಹಿಂದಿನಿಂದ ಕನ್ನಡಕದ ಒಬ್ಬರು ಹತ್ತು ಎಂದರು. ಅವರು ಮಣಿಪಾಲದ ಸರ್ವೋತ್ತಮ ಎಂಬ ಡಾಕ್ಟರು, ಹಳೆಯ ಜಾಝ್ ಸಂಗ್ರಹಿಸುವವರು. ಲಿಯೋನೆಲನ ಕಿಸೆಯಲ್ಲಿದ್ದದ್ದು ನಲವತ್ತು. ಡಾಕ್ಟರು ನಲವತ್ತೈದು ಎಂದಾಗ ಅವನು ಬಾಯಿ ಮುಚ್ಚಿದ.

ಅಂಗಳದಲ್ಲಿ ಅವರನ್ನು ತಡೆದು ನಿಲ್ಲಿಸಿದ. “ಡಾಕ್ಟ್ರೇ, ಅದರಲ್ಲಿ ಊದಿದ್ದು ತೀರಿಹೋದ ನನ್ನ ಅಣ್ಣ. ಒಂದು ಸಲ ಕೇಳಿಸಿದರೆ ಸಾಕು.”

“ಮೊದಲೇ ಹೇಳಬಾರದಿತ್ತಾ ಮಾರಾಯ್ರೆ! ನಾನು ಕೂಗುತ್ತಲೇ ಇರಲಿಲ್ಲ. ಬನ್ನಿ, ಮನೆಗೆ ಹೋಗುವ.”

ಮಣಿಪಾಲದ ಮನೆಯಲ್ಲಿ ಡಾಕ್ಟರು ಕೀಲಿ ಕೊಟ್ಟು ಮುಳ್ಳಿಟ್ಟರು. ತುತ್ತೂರಿ, ಡ್ರಮ್ಮು, ಆಮೇಲೆ ಸ್ಯಾಕ್ಸೊಫೋನ್. ಚರ್ಚಿನ ಹಿಂದೆ ನಿಂತು ಅಭ್ಯಾಸ ಮಾಡುತ್ತಿದ್ದ ಅದೇ ಅಣ್ಣ. ಲಿಯೋನೆಲ್ ಕಣ್ಣೊರೆಸಿಕೊಂಡ. ಡಾಕ್ಟರು ಮಾತ್ರ ತಲೆ ವಾರೆ ಮಾಡಿ ಕೇಳುತ್ತಿದ್ದವರು ಮುಳ್ಳನ್ನು ಹಿಂದಿಟ್ಟು ಮತ್ತೊಮ್ಮೆ ಕೇಳಿದರು.

“ಇವರು ಹೇಗೆ ತೀರಿಕೊಂಡದ್ದು?”

“ಜ್ವರ. ಮೂರೇ ದಿನ.”

“ಒಂದು ಉಸಿರಿನಲ್ಲಿ ಮುಗಿಯುವ ಕಡೆ ಮೂರು ಸಲ ಉಸಿರೆಳೆಯುತ್ತಿದ್ದಾರೆ. ಅಲ್ಲಿ, ಕೇಳಿಸಿತಾ?” ಡಾಕ್ಟರ ಸ್ವರ ಇಳಿಯಿತು. “ಆಗಲೇ ಎದೆ ಕೆಟ್ಟಿತ್ತು ಅಂತ ಕಾಣ್ತದೆ. ತುಂಬ ಮೊದಲಿನಿಂದಲೇ.”

ಪ್ಲೇಟಿಗೆ ಊದಿದ ಆ ವರ್ಷವೇ ಅಣ್ಣ ತಮ್ಮನ ಹೊಲಿಗೆ ಮೆಷಿನಿಗೆ ಹಣ ಕಳಿಸಿದ್ದ. ‘ನಾನು ಗಟ್ಟಿ ಇದ್ದೇನೆ’ ಎಂದು ಬರೆದಿದ್ದ. ಔಷಧಿಗೆ ಬೇಕಾದ ಹಣ ಅದು ಎಂದು ಲಿಯೋನೆಲನಿಗೆ ಈಗ ಹೊಳೆಯಿತು.

“ಮನೆಯಲ್ಲಿ ಯಾರಿದ್ದಾರೆ?”

“ಅಮ್ಮ ಉಂಟು. ಕಣ್ಣು ಹೋಗಿದೆ, ಕಿವಿ ಸರಿ ಉಂಟು.”

“ಅವರು ಇರುವಷ್ಟು ದಿನ ಪ್ಲೇಟು ನಿಮ್ಮಲ್ಲೇ ಇರಲಿ.”

ತಾಯಿ ವೆರೊನಿಕಾಬಾಯಿ ಗ್ರಾಮಫೋನಿನ ಬಾಯಿಗೆ ಅಂಗೈ ಹಿಡಿದು ಕೇಳಿದಳು. ಕೇಳಿ ಮುಗಿಸಿ ನಕ್ಕಳು. “ಎಷ್ಟು ಗಟ್ಟಿ ಊದುತ್ತಾನೆ ನೋಡು ಪುತಾ! ಇನ್ನೊಮ್ಮೆ ಹಾಕು.”

ಅಂದಿನಿಂದ ದಿನವೂ ಸಂಜೆ ತೇರ್ಸ್ ಪ್ರಾರ್ಥನೆ ಮುಗಿದ ಮೇಲೆ ಅವಳಿಗೆ ಆ ಪ್ಲೇಟು ಬೇಕು. ಲಿಯೋನೆಲ್ ದಿನವೂ ಹಾಕಿದ. ಅವಳಿಗೆ ಹಿರಿಮಗ ಗಟ್ಟಿಯಾಗಿ ಊದುವುದು ಕೇಳಿಸುತ್ತಿತ್ತು. ಲಿಯೋನೆಲನಿಗೆ ಆ ಮೂರು ಉಸಿರು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳಿಗೆ ಹೇಳಲಿಲ್ಲ.

1965ರಲ್ಲಿ ತಾಯಿ ತೀರಿಕೊಂಡಳು. ಚರ್ಚಿನಲ್ಲಿ ತಿಂಗಳ ಪೂಜೆ ಮುಗಿಸಿ ಅವನು ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಣಿಪಾಲಕ್ಕೆ ಹೋದ.

“ನೀವೇ ಇಟ್ಟುಕೊಳ್ಳಿ. ಮುಂಬಯಿಯ ಏಲಂನಲ್ಲಿ ಇಂಥದ್ದಕ್ಕೆ ಈಗ ಮುನ್ನೂರು ಕೊಡುತ್ತಾರೆ, ಗೊತ್ತುಂಟಾ?” ಎಂದರು ಡಾಕ್ಟರು.

“ಬೇಡ ಡಾಕ್ಟ್ರೇ. ಇದನ್ನು ಸಂಗೀತ ಅಂತ ಕೇಳುವವರ ಹತ್ತಿರ ಇರಲಿ. ನನ್ನಿಂದ ಆಗುವುದಿಲ್ಲ.”

ಹೊರಗೆ ಬಂದು ರಸ್ತೆಬದಿಯ ಕಲ್ಲಿನ ಮೇಲೆ ಕೂತ. ಉಡುಪಿಯ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅದಕ್ಕೂ ಅವನು ಏಳಲಿಲ್ಲ.