ದೊಡ್ಡಣ್ಣನನ್ನು ಮಲಗಿಸಿದ ಅಳಿಯ

ಟಿವಿ ಧಾರಾವಾಹಿಗೆ ಸಂಭಾಷಣೆ ಬರೆಯುವ ಅವರನ್ನು ಬೀದಿಯವರೆಲ್ಲ ‘ಮೂಲೆಮನೆಯವರು’ ಎಂದೇ ಕರೆಯುತ್ತಿದ್ದರು. ಮನೆ ಮೂಲೆಯಲ್ಲಿತ್ತು, ಅಷ್ಟೇ. ಅವರೇನು ಕೆಲಸ ಮಾಡುತ್ತಾರೆಂದು ಎದುರಿನ ಇಸ್ತ್ರಿ ಅಂಗಡಿಯವನನ್ನು ಕೇಳಿದರೆ, “ಏನೋಪ್ಪ, ಮನೇಲೇ ಕೂತು ಒಬ್ಬರೇ ಜಗಳ ಆಡ್ತಾ ಇರ್ತಾರೆ” ಎನ್ನುತ್ತಿದ್ದ. ಅದೂ ಸುಳ್ಳಲ್ಲ. ಅಣ್ಣ, ತಮ್ಮ, ವಕೀಲ, ಕಳ್ಳ, ಎಲ್ಲರ ಮಾತನ್ನೂ ಗಟ್ಟಿಯಾಗಿ ಆಡಿ ನೋಡದೆ ಅವರಿಗೆ ಒಂದು ಸಾಲೂ ಓಡುತ್ತಿರಲಿಲ್ಲ. ಅಡುಗೆಮನೆ ಪಕ್ಕದ ಸಣ್ಣ ಕೋಣೆಯಲ್ಲಿ, ಹೆಂಡತಿಯ ಹೊಲಿಗೆ ಯಂತ್ರಕ್ಕೂ ಒಣಗಲು ಹಾಕಿದ ಬಟ್ಟೆಗೂ ನಡುವೆ ಕೂತು, ಒದ್ದೆ ಪಂಚೆ ಮುಖಕ್ಕೆ ಬಡಿದಾಗಲೆಲ್ಲ ಸರಿಸಿಕೊಂಡು ಬರೆಯುತ್ತಿದ್ದರು.

ಆ ಧಾರಾವಾಹಿಯಲ್ಲಿ ದೊಡ್ಡಣ್ಣನ ಪಾತ್ರ ಮಾಡುವ ನಟನೆಂದರೆ ಊರಿಗೆ ಊರೇ ಪ್ರಾಣ ಬಿಡುತ್ತಿತ್ತು. ಮೂಲೆಮನೆಯವರ ಜೊತೆಗೇ ಇದ್ದ ಅವರ ಅತ್ತೆಯಂತೂ ಎಲ್ಲರಿಗಿಂತ ಮುಂದು.

“ಎಂಥಾ ಮಾತು! ಬಾಯಿ ತೆಗೆದ್ರೆ ಮುತ್ತು ಉದುರತ್ತೆ” ಎಂದು ಅತ್ತೆ ಕಣ್ಣೊರೆಸಿಕೊಂಡರೆ, ಅಳಿಯ ಮೆಲ್ಲಗೆ, “ಅದನ್ನ ಬರೆದಿದ್ದು ನಾನೇ ಅತ್ತೆ” ಎನ್ನುವರು.

“ಬರ್ಕೊಳ್ಳಿ ಪಾಪ, ಬೇಡ ಅಂದೋರ್ಯಾರು?”

ಕಥೆ ತನ್ನಷ್ಟಕ್ಕೆ ತಾನು ನಡೆಯುತ್ತದೆ, ಅಳಿಯಂದಿರು ಅದನ್ನು ನೋಡಿಕೊಂಡು ಬರೆದಿಡುತ್ತಾರೆ ಎಂಬುದು ಅತ್ತೆಯ ತಿಳಿವಳಿಕೆ.

ಒಂದು ಭಾನುವಾರ ಯಾವುದೋ ದೃಶ್ಯದ ಬಗ್ಗೆ ಮಾತಾಡಲು ನಟ ಮನೆಗೇ ಬಂದ. ಬೀದಿ ಪೂರ್ತಿ ಕಿಟಕಿಗೆ ಅಂಟಿಕೊಂಡಿತು. ಅತ್ತೆ ಅವನಿಗೆ ಒಳ್ಳೆ ಕುರ್ಚಿ ಕೊಟ್ಟರು; ಅಳಿಯನಿಗೆ ಸಿಕ್ಕಿದ್ದು ಬಟ್ಟೆಬುಟ್ಟಿ.

“ಅಷ್ಟು ಚೆನ್ನಾಗಿ ಹೇಗಪ್ಪಾ ಮಾತಾಡ್ತೀಯಾ?” ಎಂದು ಅತ್ತೆ ಕೇಳಿದರು.

ನಟ ನಾಚಿಕೊಂಡು, “ಏನಮ್ಮಾ, ಮಾತು ಹಾಗೇ ಒಳಗಿಂದ ಬರತ್ತೆ” ಎಂದ.

“ಒಳಗಿಂದ ಅಂದ್ರೆ ಅಡುಗೆಮನೆ ಪಕ್ಕದ ಕೋಣೆಯಿಂದ” ಎಂದು ಬಟ್ಟೆಬುಟ್ಟಿಯ ಮೇಲಿನಿಂದ ದನಿ ಬಂತು. ಕೇಳಿಸಿದ್ದು ಹೆಂಡತಿಗೆ ಮಾತ್ರ. ಅವಳು ಗಂಡನ ಕಾಲು ತುಳಿದಳು.

ಸಂಭಾಷಣೆಕಾರರ ಹೊಟ್ಟೆ ಉರಿದುಹೋಯಿತು. ನಿರ್ದೇಶಕರಿಗೂ ಕಥೆಯಲ್ಲಿ ಒಂದು ಅಪಘಾತ ಬೇಕಾಗಿತ್ತು. ಮರುದಿನವೇ ದೊಡ್ಡಣ್ಣನನ್ನು ಮೆಟ್ಟಿಲ ಮೇಲಿಂದ ಉರುಳಿಸಿ ಕೋಮಾಕ್ಕೆ ಕಳಿಸಿದರು. ಒಂದೇ ಒಂದು ಮಾತಿಲ್ಲ. ‘ಈಗ ಬರಲಿ ಒಳಗಿಂದ’ ಎಂದು ಕೈ ಉಜ್ಜಿಕೊಂಡರು.

ಆದದ್ದೇ ಬೇರೆ. “ರೆಪ್ಪೆ ಸಹ ಅಲ್ಲಾಡಿಸಲಿಲ್ಲ ನೋಡಿ! ನಟನೆ ಅಂದ್ರೆ ಇದು!” ಎಂದು ಜನ ಹುಚ್ಚೆದ್ದುಹೋದರು. ನಟ ನಿಜಕ್ಕೂ ನಿದ್ದೆ ಹೊಡೆಯುತ್ತಿದ್ದ. ಗೊರಕೆ ಕೇಳಿಸಿದ ಕಡೆಯೆಲ್ಲ ಪಿಟೀಲು ಹಾಕಿ ಮುಚ್ಚಿದ್ದರು. ಆ ಮಲಗುವಿಕೆಗೇ ಅವನಿಗೆ ವರ್ಷದ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಮನುಷ್ಯ ಒಳ್ಳೆಯವನು, ಟಿವಿಯಲ್ಲಿ ಎಲ್ಲರೆದುರು, “ಇದೆಲ್ಲಾ ನಮ್ಮ ಬರಹಗಾರರ ಕೃಪೆ. ನನ್ನನ್ನ ಬೀಳಿಸಿ ಮಲಗಿಸಿದ್ದೇ ಅವರು” ಎಂದು ಅವರ ಫೋಟೋವನ್ನೂ ತೋರಿಸಿಬಿಟ್ಟ.

ಬೆಳಗಾಗುವಷ್ಟರಲ್ಲಿ ಮೂಲೆಮನೆಯವರು ಮನೆಮಾತಾಗಿದ್ದರು. ಇಸ್ತ್ರಿ ಅಂಗಡಿಯವನು ಅವರ ಅಂಗಿಯನ್ನು ಮುದ್ದೆಯಾಗಿಯೇ ವಾಪಸ್ ಕೊಟ್ಟು, “ಅಂಥಾ ದೇವರಂಥ ಮನುಷ್ಯನ್ನ ಬೀಳ್ಸೋಕೆ ಮನಸ್ಸಾದ್ರೂ ಹೇಗೆ ಬಂತು ಸಾರ್?” ಎಂದ. ಅತ್ತೆ ಮಾತು ಬಿಟ್ಟರು. “ಊಟಕ್ಕೆ ಬರೋಕೆ ಹೇಳೇ, ನಿನ್ನ ಗಂಡಂಗೆ” ಎಂದು ಎದುರಿಗೇ ಕೂತಿದ್ದ ಅಳಿಯನಿಗೆ ಮಗಳ ಮೂಲಕ ಹೇಳಿಕಳಿಸುವರು. ಸಂಭಾಷಣೆಕಾರರಿಗೆ ಮಾತ್ರ ಒಳಗೊಳಗೇ ಖುಷಿ. ಬೈಗುಳವಾದರೇನಾಯಿತು, ಜನ ಬರೆದವನನ್ನು ಗುರುತಿಸಿ ಬೈಯುತ್ತಿದ್ದರಲ್ಲ! ಬೇಕೆಂದೇ ಬೀದಿ ಸುತ್ತಿ ಬಂದರು.

ಕೊನೆಗೆ ಅತ್ತೆಯೇ ಕೋಣೆಗೆ ನುಗ್ಗಿ, ಹೊಲಿಗೆ ಯಂತ್ರದ ಸ್ಟೂಲು ಎಳೆದುಕೊಂಡು ಕೂತರು.

“ಎಬ್ಬಿಸಿ ಅವನನ್ನ.”

“ಎಬ್ಬಿಸ್ಬಹುದು ಅತ್ತೆ. ಎದ್ದವನು ಮೊದ್ಲು ಏನು ಹೇಳ್ತಾನೆ? ರಕ್ತಸಂಬಂಧದ ಮೇಲೆ ಅರ್ಧ ಪುಟ ಬರೆದೆ, ಯಾಕೋ ಸರಿಹೋಗ್ತಿಲ್ಲ.”

“ರಕ್ತಸಂಬಂಧ ಯಾಕ್ರೀ? ‘ನನ್ನ ಚಪ್ಪಲಿ ಎಲ್ಲಿ?’ ಅಂತಾನೆ. ನಿಮ್ಮ ಮಾವ ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಕೇಳಿದ್ದು ಅದನ್ನೇ. ನಾವೆಲ್ಲ ನಗ್ತಾ ಅತ್ತುಬಿಟ್ವಿ.”

ಅಳಿಯ ಅರ್ಧ ಪುಟ ಹೊಡೆದುಹಾಕಿ ಅದೊಂದೇ ಸಾಲು ಬರೆದರು.

ದೊಡ್ಡಣ್ಣ ಕಣ್ಣು ಬಿಟ್ಟು ಚಪ್ಪಲಿ ಕೇಳಿದ ಸಂಜೆ ಬೀದಿಯ ಮನೆಮನೆಯಲ್ಲೂ ಅಳು. ಬಸ್ಸಲ್ಲಿ, ಬ್ಯಾಂಕಲ್ಲಿ, ಎಲ್ಲಿ ನೋಡಿದರೂ ಅದೇ ಮಾತು. ಪತ್ರಿಕೆಯೊಂದು ‘ಈ ಸರಳ ಸಾಲು ಬರೆದ ಕೈಗೆ ನಮಸ್ಕಾರ’ ಎಂದು ಬರೆಯಿತು. ಸಂಭಾಷಣೆಕಾರರು ಅದನ್ನು ಮನೆಯವರಿಗೆ ಓದಿದರು, ಮತ್ತೆ ಓದಿದರು.

ಅತ್ತೆ ಕನ್ನಡಕ ತೆಗೆದರು. “ನನ್ನ ಹೆಸರೆಲ್ಲಿ?”

“ಅತ್ತೆ, ಒಂದು ಸಾಲು ತಾನೇ? ಅದೇನು, ಹಾಗೇ ಒಳಗಿಂದ ಬರತ್ತೆ...” ಎನ್ನುತ್ತಿದ್ದವರು ಅಲ್ಲೇ ನಾಲಿಗೆ ಕಚ್ಚಿಕೊಂಡರು. ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು.

ಆ ವಾರ ಅವರು ತಮಗಾಗಿ ಎಂದೂ ಆಡದಷ್ಟು ಜಗಳವನ್ನು ನಿರ್ಮಾಪಕರ ಜೊತೆ ಆಡಿ ಬಂದರು. ಧಾರಾವಾಹಿಯ ಮುಂದಿನ ಕಂತಿನ ಕೊನೆಯಲ್ಲಿ ‘ಸಂಭಾಷಣೆ ಸಹಕಾರ’ ಎಂದು ಅತ್ತೆಯ ಹೆಸರು ಬಂತು. ಅತ್ತೆ ಬೀದಿಯವರನ್ನೆಲ್ಲ ಕರೆದು ಟಿವಿ ಮುಂದೆ ಕೂರಿಸಿದ್ದರು. ಹೆಸರು ಎಂಥ ವೇಗದಲ್ಲಿ ಓಡಿತೆಂದರೆ, ಅದೇ ಹೊತ್ತಿಗೆ ಒಂದು ಸಲ ಸೀನಿದ ಇಸ್ತ್ರಿ ಅಂಗಡಿಯವನಿಗೆ ಅದು ಕಾಣಲೇ ಇಲ್ಲ. ಅತ್ತೆಗೆ ಕಂಡಿತು, ಸಾಕು.

ಮಾರನೇ ದಿನ ನಟ ಫೋನು ಮಾಡಿದ. ಕೋಣೆಯಲ್ಲಿ ಅಳಿಯನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಅತ್ತೆಯೇ ಎತ್ತಿಕೊಂಡರು.

“ಅಮ್ಮಾ, ಅಂಥದ್ದೇ ಇನ್ನೊಂದು ಸಾಲು ಕೊಡಿಯಮ್ಮಾ.”

“ನೋಡಪ್ಪಾ, ನಾವಿಬ್ಬರೂ ಈಗ ಬರೆಯೋದ್ರಲ್ಲಿದ್ದೀವಿ. ಆಮೇಲೆ ಮಾಡು” ಎಂದು ಫೋನಿಟ್ಟು, ಮುಖಕ್ಕೆ ಬಡಿದ ಒದ್ದೆ ಪಂಚೆಯನ್ನು ಅಳಿಯನ ಕಡೆ ಸರಿಸಿದರು.