ಉಲ್ಟಾ ಕೂತ ಐಸಿ

ಎಂಬತ್ತರ ದಶಕದ ಕೊನೆಯಲ್ಲಿ ಗಂಗಾವತಿಯಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ ಇತ್ತು. ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಬಂದವನೆಂಬ ಸೊಕ್ಕು ಬೇರೆ. ನಮ್ಮೂರಲ್ಲಿ ಯಾವ ಟಿವಿ ಕೆಟ್ಟರೂ ದೋಷ ಕರೆಂಟಿನದೇ. ಅಕ್ಕಿ ಗಿರಣಿಗಳು ಒಮ್ಮೆಲೇ ನಿಂತರೆ ವೋಲ್ಟೇಜು ಜಿಗಿಯುತ್ತಿತ್ತು, ಅದು ಸುಳ್ಳಲ್ಲ. ಆದರೆ ನಮ್ಮಂಥ ರಿಪೇರಿಯವರಿಗೆ ಆ ಮಾತು ಭಾಳ ಅನುಕೂಲವಾಗಿತ್ತು.

ಒಂದು ಬುಧವಾರ ಪಕ್ಕದ ಓಣಿಯ ದರ್ಜಿ ತಮ್ಮ ಟಿವಿ ಹೊತ್ತು ತಂದರು. ಜತೆಗೆ ಅವರ ತಂಗಿ. ಮೂವತ್ತರ ಆಸುಪಾಸು, ಹುಟ್ಟಿನಿಂದ ಕಿವಿ ಕೇಳದು, ಮಾತೂ ಇಲ್ಲ. ಅಣ್ಣನ ಅಂಗಡಿಯಲ್ಲಿ ಕಾಜಾ, ಗುಂಡಿ ಹೊಲಿಯುತ್ತಿದ್ದಳು. ಟಿವಿಯಲ್ಲಿ ಧ್ವನಿ ಚೆನ್ನಾಗಿ ಬರುತ್ತಿತ್ತು. ಚಿತ್ರ ಮಾತ್ರ ನಡುವೆ ಒಂದು ಬಿಳಿ ಗೆರೆಯಾಗಿ ನಿಂತಿತ್ತು.

"ಐತಾರದೊಳಗ ಆಗಬೇಕ್ರಿ," ಎಂದರು ದರ್ಜಿ. "ಕಿವಿ ಕೇಳದವರಿಗಂತ ಐತಾರಕ್ಕೊಮ್ಮೆ ಕೈಲೆ ಸುದ್ದಿ ಹೇಳ್ತಾರಲ್ರಿ, ಇಕಿ ನೋಡೂದು ಅದೊಂದ. ಅವರ ಕೈಸನ್ನಿ ಅರ್ಧ ತಿಳಿಯಂಗಿಲ್ಲ ಇಕಿಗೆ. ಆದ್ರೂ ವಾರೆಲ್ಲಾ ಅದಕ್ಕ ಕಾಯ್ತಾಳ."

ತೆರೆದು ನೋಡಿದರೆ ಚಿತ್ರವನ್ನು ಮೇಲೆ ಕೆಳಗೆ ಹರಡುವ ಐಸಿ, ಅಂದರೆ ಹಲವು ಕಾಲಿನ ಕರಿಯ ಚಿಪ್ಪು, ಸುಟ್ಟು ಬೆನ್ನು ಸೀಳಿತ್ತು. ಅದು ಗಂಗಾವತಿಯಲ್ಲಿ ಸಿಗುವಂಥದ್ದಲ್ಲ. ಸಿಗರೇಟು ಪಾಕೀಟು ಹರಿದು, ಅದರ ಒಳಮೈ ಮೇಲೆ ನಂಬರು ಬರೆದು ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು ನಮ್ಮ ರೂಢಿ. ಶನಿವಾರ ಮಧ್ಯಾಹ್ನ ಐಸಿ ಬಂತು, ಒಂದೇ ಒಂದು.

ದರ್ಜಿ ತಂಗಿಯನ್ನು ನನ್ನ ಅಂಗಡಿಯಲ್ಲಿ ಕೂರಿಸಿ ತಮ್ಮ ಕೆಲಸಕ್ಕೆ ಹೋದರು. ನಾನು ಬೋರ್ಡು ಮಗುಚಿ, ಬೆಸುಗೆಯ ಸೀಸ ಕರಗಿಸಿ, ಹಳೆಯ ಐಸಿಯ ಕಾಲುಗಳನ್ನು ಒಂದೊಂದಾಗಿ ಬಿಡಿಸಿದೆ. ಐಸಿಯ ಒಂದು ತುದಿಗೆ ಸಣ್ಣ ಕಚ್ಚು ಇರುತ್ತದೆ. ಹಳೆಯದರ ಕಚ್ಚು ಯಾವ ಕಡೆ ಇತ್ತೋ ಹೊಸದರದ್ದೂ ಅದೇ ಕಡೆ ಬರಬೇಕು. ಹೊಸದನ್ನು ಕೂರಿಸುವಾಗ, ಮೊದಲಿನಿಂದಲೂ ನೋಡುತ್ತ ಕೂತಿದ್ದ ಆಕೆ ಮೇಜಿನ ಆಚೆಯಿಂದ ಆ ಕಚ್ಚನ್ನು ಮುಟ್ಟಿ, ಬೆರಳು ತಿರುಗಿಸಿ ತೋರಿಸಿದಳು. ಮತ್ತೊಮ್ಮೆ ತೋರಿಸಿದಳು. ಕಾಜಾ ಹೊಲಿಯುವವಳು ನನಗೇನು ಕಲಿಸುವುದು ಎಂದು ಸಿಟ್ಟು ಬಂತು. ಸುಮ್ಮನೆ ಕೂಡು ಎಂದು ಕೈ ಮಾಡಿದೆ.

ಸೀಸ ಹಾಕಿ ಸ್ವಿಚ್ಚು ಒತ್ತಿದೆ. ಚಟ್ ಎಂದಿತು, ಹೊಗೆ ಬಂತು. ಬೋರ್ಡು ಹೊರಳಿಸಿ ನೋಡಿದರೆ ಐಸಿ ಉಲ್ಟಾ ಕೂತಿತ್ತು.

ಅಷ್ಟರಲ್ಲಿ ದರ್ಜಿ ಬಂದರು. "ಕರೆಂಟ್ ಜಾಸ್ತಿ ಬಂದು ಹೊಸಾದೂ ಹೋತ್ರಿ," ಎಂದುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಅವರು ನಂಬಿದರು. "ನೀವರೆ ಏನ್ ಮಾಡ್ತೀರಿ ಬಿಡ್ರಿ," ಎಂದು ನನಗೇ ಸಮಾಧಾನ ಹೇಳಿದರು.

ಆಕೆ ನನ್ನ ತುಟಿಯನ್ನೇ ನೋಡುತ್ತಿದ್ದಳು. ಆಮೇಲೆ ಅಣ್ಣನ ಕಡೆ ತಿರುಗಿ ಕೈಯಲ್ಲಿ ಏನೋ ಹೇಳಿದಳು. ನನ್ನ ಸುಳ್ಳನ್ನೇ ಹೇಳುತ್ತಿದ್ದಾಳೆ ಎಂದುಕೊಂಡೆ.

"ಇನ್ನೊಂದು ಬಂದಾಗ ನಾನೂ ಬಾಜೂಕ ಕುಂದರ್ಲೇನು ಅಂತ ಕೇಳಾಕತ್ತಾಳ್ರಿ," ಎಂದರು ಅಣ್ಣ.

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅಂಥ ಮುಂಗೋಪಿ ನಾನು. ಆಕೆ ಮಾತ್ರ ಬೈಯದೆ ಪಕ್ಕದಲ್ಲಿ ಕೂರಲು ಕೇಳಿದ್ದಳು. ನನಗೆ ನಾಚಿಕೆಯಾಯಿತು.

"ಬರ್ಲೇಬೇಕ್ರಿ," ಎಂದೆ. "ಕರೆಂಟಿನ ತಪ್ಪಲ್ರಿ ಇದು. ನಾನ ಉಲ್ಟಾ ಕುಂದ್ರಿಸೀನಿ. ನಿಮ್ಮ ತಂಗಿ ತೋರಿಸಿದ್ರು, ನಾನ ಲಕ್ಷ್ಯ ಕೊಡಲಿಲ್ಲ."

ದರ್ಜಿ ಅದನ್ನೆಲ್ಲ ತಂಗಿಗೆ ಸನ್ನೆಯಲ್ಲಿ ಹೇಳಿದರು. ಆಕೆಯ ಮುಖದಲ್ಲಿ ಗೆದ್ದ ಖುಷಿಯೋ, ನಿಜ ಹೇಳಿದ್ದಕ್ಕೆ ಒಂದು ನಗುವೋ ಕಂಡೀತು ಎಂದುಕೊಂಡಿದ್ದೆ. ಎರಡೂ ಇರಲಿಲ್ಲ. ಆಕೆ ಬೆರಳು ಮಡಚುತ್ತ, ನಾಳಿನದು ಬಿಟ್ಟು ಮುಂದಿನ ಐತಾರಕ್ಕೆ ಎಷ್ಟು ದಿನ ಎಂದು ಎಣಿಸುತ್ತಿದ್ದಳು. ಎಂಟಾದವು. ನಾನು ತಪ್ಪು ಒಪ್ಪಿಕೊಂಡೆನೆಂದು ಅದರಲ್ಲಿ ಒಂದು ದಿನವೂ ಕಡಿಮೆಯಾಗಲಿಲ್ಲ.