ಕೊಕ್ಕಿಲ್ಲದ ಗಿಣಿ

ಎರಡು ಸಾವಿರದ ಮೊದಮೊದಲ ವರ್ಷಗಳು. ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ರವನ್ನು ಚೌಕಳಿ ಕಾಗದದ ಮೇಲೆ ಮುದ್ರಿಸಿಕೊಡುವ ಪ್ರೋಗ್ರಾಂ ಒಂದನ್ನು ಬರೆದು, ಊರಿಗೆಲ್ಲ ನಾನೊಬ್ಬನೇ ಜಾಣ ಎಂದು ಬೀಗುತ್ತಿದ್ದೆ. ಒಂದು ಚೌಕಕ್ಕೆ ಒಂದು ಎಳೆ. ನೇಯುವವರು ಕಾಗದ ನೋಡಿ ಎಣಿಸುತ್ತ ಹೋದರಾಯಿತು.

ಪಕ್ಕದ ಮನೆಯ ಅಕ್ಕನಷ್ಟು ಅಚ್ಚುಕಟ್ಟಾಗಿ ನೇಯುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ನನ್ನ ಕಾಗದ ನೋಡಿ ಅವರು ಮೊಳದುದ್ದ ಗಿಣಿ ದಡಿ ನೇಯ್ದರು. ಒಂದು ಗಿಣಿಗೂ ಕೊಕ್ಕಿನ ತುದಿ ಇರಲಿಲ್ಲ. ನೂಲು ಕೊಟ್ಟು ನೇಯಿಸುತ್ತಿದ್ದ ಸಾಹುಕಾರರು ಸಿಡಿಮಿಡಿಗೊಂಡರು.

"ಆಕಿ ಕಣ್ಣ ಮಂದ ಆಗ್ಯಾವ. ಇನ್ನ ಚಿತ್ರದ ಸೀರಿ ಆಕಿಗೆ ಬ್ಯಾಡ."

ಕಾಗದ ತೆಗೆದು ನೋಡಿದರೆ ಅಲ್ಲೂ ಕೊಕ್ಕಿನ ತುದಿ ಇರಲಿಲ್ಲ. ನಾನು ಓಡಿಹೋಗಿ, "ಅಕ್ಕಾರದು ತಪ್ಪಲ್ರಿ, ಕಂಪ್ಯೂಟರ್ ಒಳಗಿನ ತಪ್ಪೈತ್ರಿ" ಎಂದೆ.

"ಒಳಗಿನ ತಪ್ಪ ಅಂದ್ರ ಯಾರದು?"

"ನೋಡಿ ಹೇಳ್ತೇನ್ರಿ" ಎಂದು ಕಂಪ್ಯೂಟರ್ ಮುಂದೆ ಬಂದು ಕುಳಿತೆ. ಚಿತ್ರ ಬಿಡಿಸುವ ಕೆಲಸವನ್ನು, ಪ್ರೋಗ್ರಾಂ ಬರೆಯಲು ಬಳಸುವ ಫ್ರೇಮ್‌ವರ್ಕ್ ಜೊತೆ ಬಂದ ಲೈಬ್ರರಿಯಿಂದ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನಿಂದ, ಮಾಡಿಸಿಕೊಂಡಿದ್ದೆ. ಅದರ ಒಳಗೆ ಇಣುಕಲು ಬರುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಪಾಠ ಬೇರೆ ಹೇಳಿದ್ದೆ. ಆ ಮಧ್ಯಾಹ್ನ ಹುಡುಕಿದರೆ, ಫ್ರೇಮ್‌ವರ್ಕ್ ಇದ್ದ ಫೋಲ್ಡರಿನಲ್ಲೇ ಆ ಲೈಬ್ರರಿಯ ಮೂಲ ಬರಹವಾದ ಸೋರ್ಸ್ ಕೋಡ್ ಇಡಿಯಾಗಿ ಒಂದು ಜಿಪ್ ಫೈಲಿನಲ್ಲಿ ಕುಳಿತಿತ್ತು! ಮೂರು ವರ್ಷ ದಿನಾ ತೆರೆದ ಫೋಲ್ಡರು ಅದು.

ಬಿಚ್ಚಿ ಓದಿದೆ. ಯಾವುದೋ ಕಾಣದ ಊರಿನವರು ಸಮಾಧಾನದಿಂದ ಬರೆದ ಸಾಲುಗಳು, ಅಲ್ಲಲ್ಲಿ ಟಿಪ್ಪಣಿಗಳು. ನನಗೆ ಬೇಕಾದ ಜಾಗದಲ್ಲಿ ಸ್ಪಷ್ಟವಾಗಿತ್ತು: ಎಲ್ಲಿಯವರೆಗೆ ಎಂದು ಕೊಟ್ಟ ಸಂಖ್ಯೆಯ ಹಿಂದಿನ ಚೌಕಕ್ಕೇ ಚಿತ್ರ ನಿಲ್ಲುತ್ತದೆ. ನಾನು ಕೊಟ್ಟದ್ದು ಕೊಕ್ಕಿನ ತುದಿಯ ಚೌಕದ ಸಂಖ್ಯೆಯನ್ನೇ; ಅದಕ್ಕಿಂತ ಒಂದು ಹೆಚ್ಚು ಕೊಡಬೇಕಿತ್ತು. ಗುಟ್ಟು ಸಿಕ್ಕಿದ್ದಕ್ಕೆ ಖುಷಿಯಾಯಿತು. ಅದರ ಬೆನ್ನಿಗೇ ನಾಚಿಕೆಯಿಂದ ಮುಖ ಬಿಸಿಯಾಯಿತು.

ಸಂಜೆ ಸಾಹುಕಾರರ ಅಂಗಡಿಗೆ ಹೋಗಿ, "ತಪ್ಪ ನಂದ್ರಿ" ಎಂದೆ. ಅವರು ಒಂದಿಷ್ಟು ಬೈದು, ಗಿಣಿ ಸೀರೆ ನೇಯುವ ಕೆಲಸವನ್ನು ಅಕ್ಕನಿಗೇ ಬಿಟ್ಟರು. ಸಂಖ್ಯೆ ತಿದ್ದಿ ಮುದ್ರಿಸಿದ ಹೊಸ ಕಾಗದ ಹಿಡಿದು ಅಕ್ಕನ ಮನೆಗೆ ಬಂದಾಗ, ಅವರು ಮಗ್ಗದಲ್ಲಿ ಕುಳಿತು ನೇಯ್ದದ್ದನ್ನು ಎಳೆ ಎಳೆಯಾಗಿ ಬಿಚ್ಚುತ್ತಿದ್ದರು.

"ನೇಯಾಗ ನಿಮಗ ಕಾಣಲಿಲ್ಲೇನ್ರಿ ಅಕ್ಕಾರ?"

"ಮೊದಲನೇ ಗಿಣಿಗೇ ಕಂಡಿತ್ತ ತಮ್ಮಾ. ಸಾಲಿ ಕಲ್ತವ್ರ ಕಾಗದ, ನನ್ನ ಕಣ್ಣ ಸುಳ್ಳ ಹೇಳಾಕತ್ತಾವ ಅನ್ಕೊಂಡ್ನಿ."

ಅವರು ತಮ್ಮ ಕಣ್ಣನ್ನೇ ಅನುಮಾನಿಸಿದ್ದರು. ನಾನೋ, ಲೈಬ್ರರಿ ಬರೆದವರ ಮೇಲೆ ತಪ್ಪು ಹೊರಿಸುವ ಮುಂಚೆ ಅರೆಗಳಿಗೆಯೂ ಯೋಚಿಸಿರಲಿಲ್ಲ.